ಹುಷಾರಿಲ್ಲದ ದೊರೆಯೂ ನಮ್ಮ ಮನೆಯ ಬಾಗಿನವೂ

ನಮ್ಮ ಮನೆಗೆ ಚರಿತ್ರೆ ಬರುವುದು ಸೊಪ್ಪಿನ ಜೊತೆಯಲ್ಲಿ. ಸಂಜೆ ನಾನು ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಪಕ್ಕದ ತಳಿ ಊರಿನ ಕಡೆಯಿಂದ ಬಂದ ಕೊತ್ತಂಬರಿ ಕಟ್ಟನ್ನು ಬಿಚ್ಚಿ, ಹಳದಿ ಎಲೆಯನ್ನು ಒಂದು ಕಡೆ, ಒಳ್ಳೆಯದನ್ನು ಇನ್ನೊಂದು ಕಡೆ ಮಾಡುತ್ತಿರುವಾಗ ನಮ್ಮ ಮನೆಯವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅವರು ತಮಿಳುನಾಡಿಗೆ ಸೇರಿದ ನಮ್ಮ ಹೊಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವ ಮೇಷ್ಟ್ರು. ನಾಳೆ ಮಕ್ಕಳಿಗೆ ತಮಿಳಿನಲ್ಲಿ ಮಾಡಬೇಕಾದ ಪಾಠವನ್ನು ಇವತ್ತು ನನ್ನ ಮೇಲೆ ಕನ್ನಡದಲ್ಲಿ ಪ್ರಯೋಗ ಮಾಡಿ ನೋಡುತ್ತಾರೆ. ನಾನು ಆಕಳಿಸಿದರೆ ಆ ಭಾಗ ಮೊಟಕಾಗುತ್ತದೆ. ಸೊಪ್ಪು ಬಿಡಿಸುವ ಕೈ ನಿಂತರೆ ಅದು ಹಿಗ್ಗುತ್ತದೆ. ಹೀಗೆ ಹೊಸೂರಿನ ಎಷ್ಟೋ ಮಕ್ಕಳಿಗೆ ಪ್ರಪಂಚದ ಯಾವ ಯುದ್ಧ ಎಷ್ಟು ಉದ್ದ ಇರಬೇಕು ಎಂಬುದನ್ನು ಯಾರಿಗೂ ತಿಳಿಯದಂತೆ ನಾನೇ ತೀರ್ಮಾನಿಸುತ್ತ ಬಂದಿದ್ದೇನೆ. ದೇವರು ದೊಡ್ಡವನು, ನನ್ನನ್ನು ಕಾಲೇಜಿಗೆ ಕಳಿಸದಿದ್ದರೂ ಈ ಅಧಿಕಾರವನ್ನು ಕೊಟ್ಟ.

ಅಮೆರಿಕದವರು ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡ ಕಥೆ ಬಂದದ್ದು ಹೋದ ವರ್ಷದ ಶ್ರಾವಣದಲ್ಲಿ. ಮೊದಲ ದಿನವೇ ನಮ್ಮಿಬ್ಬರಿಗೂ ಸಣ್ಣ ಜಟಾಪಟಿ. ತೆರಿಗೆಯ ಸಿಟ್ಟಿಗೆ ಆ ಜನ ಹಡಗು ಹತ್ತಿ ಪೆಟ್ಟಿಗೆ ಪೆಟ್ಟಿಗೆ ಟೀ ಸೊಪ್ಪನ್ನು ಸಮುದ್ರಕ್ಕೆ ಸುರಿದರು ಎಂದು ಹೇಳುವಾಗ ಅವರ ಕಣ್ಣಲ್ಲಿ ಸ್ವಾತಂತ್ರ್ಯದ ಮಿಂಚಿತ್ತು, ಅಷ್ಟು ಟೀ ಸೊಪ್ಪು ದಂಡವಾಯಿತಲ್ಲ ಎಂದು ನಾನು ಜಗಳ ತೆಗೆದೆ. ಇನ್ನೊಂದು ಸಂಜೆ, ಅಮೆರಿಕದ ದಂಡನಾಯಕ ಕ್ರಿಸ್‌ಮಸ್ ಹಬ್ಬದ ರಾತ್ರಿಯಲ್ಲಿ ಮಂಜುಗಡ್ಡೆ ತೇಲುವ ಹೊಳೆಯನ್ನು ದೋಣಿಯಲ್ಲಿ ದಾಟಿ ವೈರಿಯ ಮೇಲೆ ಬಿದ್ದ ಸಾಹಸ ಬಂತು. ಹಬ್ಬದ ದಿನ ಯುದ್ಧಕ್ಕೆ ಹೊರಡುವವನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇರಲಿಲ್ಲವೇ ಎಂದೆ. "ಯುದ್ಧ ಕಣೇ ಅದು, ನಿಮ್ಮವ್ವನ ಮನೆ ಪ್ರಯಾಣ ಅಲ್ಲ, ಒಳ್ಳೆ ದಿನ ನೋಡ್ಕೊಂಡು ಹೊರಡೋಕೆ" ಎಂದರು. ಆದರೆ ಅವನ ಸಿಪಾಯಿಗಳು ಕಾಲಿಗೆ ಜೋಡಿಲ್ಲದೆ ಹಿಮದ ಮೇಲೆ ನಡೆದು ರಕ್ತದ ಹೆಜ್ಜೆ ಬಿಟ್ಟು ಹೋದರು ಎಂದಾಗ ನನ್ನ ಕೈ ತಾನಾಗಿ ನಿಂತಿತು. ಆ ಭಾಗ ಮಾರನೆಯ ದಿನ ಶಾಲೆಯಲ್ಲಿ ಎರಡು ಪಿರಿಯಡ್ ಹಿಡಿಯಿತಂತೆ.

ಈ ದೊಡ್ಡವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಬಾಯಲ್ಲಿ ಅವು ನಿಲ್ಲುವುದೂ ಇಲ್ಲ. ಪುಸ್ತಕಗಳಲ್ಲಿ ಇವೆ, ಬೇಕಾದವರು ನೋಡಿಕೊಳ್ಳಿ. ನಾನು ಅವರವರ ನಡತೆ ನೋಡಿ ಹೆಸರಿಟ್ಟುಕೊಂಡಿದ್ದೇನೆ. ಹಾಗೆ ಹೆಸರು ಪಡೆದವರಲ್ಲಿ ಮೊದಲಿಗ ಹುಷಾರಿಲ್ಲದ ದೊರೆ.

ಕಥೆ ಇಷ್ಟು. ಯಾರ್ಕ್‌ಟೌನ್ ಎಂಬ ಊರಿನಲ್ಲಿ ಇಂಗ್ಲಿಷರ ದೊಡ್ಡ ದಂಡು ಸಿಕ್ಕಿಬಿತ್ತು. ಎದುರಿಗೆ ಅಮೆರಿಕದವರು, ಅವರ ಪಕ್ಕದಲ್ಲಿ ನೆಂಟರಂತೆ ಬಂದ ಫ್ರೆಂಚರು, ನೀರಿನ ಕಡೆಗೆ ಫ್ರೆಂಚರ ಹಡಗುಗಳು. ಸೋತದ್ದು ಖಂಡಿತವಾಯಿತು. ಸೋತವನು ಎಲ್ಲರ ಎದುರಿಗೆ ಬಂದು ತನ್ನ ಕತ್ತಿಯನ್ನು ಗೆದ್ದವನ ಕೈಗೆ ಒಪ್ಪಿಸಬೇಕು. ಅದು ಅವರ ಶಾಸ್ತ್ರ. ರಸ್ತೆಯ ಎರಡೂ ಬದಿಯಲ್ಲಿ ದಂಡುಗಳು ಸಾಲುಗಟ್ಟಿ ನಿಂತವು. ಆದರೆ ಇಂಗ್ಲಿಷರ ದೊರೆ ಬರಲೇ ಇಲ್ಲ. ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿ, ಕತ್ತಿಯನ್ನು ತನ್ನ ಕೈಕೆಳಗಿನ ಉಪನಾಯಕನ ಕೈಲಿ ಕೊಟ್ಟು ಅಟ್ಟಿದ. ಆ ಉಪನಾಯಕನಾದರೂ ನೆಟ್ಟಗೆ ಹೋದನೇ? ನಿನ್ನೆ ಮೊನ್ನೆಯವರೆಗೆ ತಮ್ಮ ಪ್ರಜೆಗಳಾಗಿದ್ದವರ ಕೈಗೆ ಕೊಡುವುದು ಹೇಗೆಂದು ಫ್ರೆಂಚ್ ದಳಪತಿಯ ಮುಂದೆ ಹೋಗಿ ನಿಂತ. ಅವನು, ನನಗಲ್ಲ, ಅಗೋ ಅವರಿಗೆ ಎಂದು ಅಮೆರಿಕದ ದಂಡನಾಯಕನನ್ನು ತೋರಿಸಿದ. ದಂಡನಾಯಕನೇನು ಬಿಟ್ಟಾನೆಯೇ? ನಿಮ್ಮ ಕಡೆ ಉಪನಾಯಕ ಬಂದಿದ್ದಾನೆಂದರೆ ನಮ್ಮ ಕಡೆಯೂ ಉಪನಾಯಕನೇ ತೆಗೆದುಕೊಳ್ಳುತ್ತಾನೆ ಎಂದು ತನ್ನ ಕೈಕೆಳಗಿನವನ ಕಡೆಗೆ ಬೆರಳು ಮಾಡಿದ.

ನಾನು ಬಿದ್ದು ಬಿದ್ದು ನಕ್ಕೆ. ಸಾವಿರಾರು ಜನ ಸತ್ತ ಯುದ್ಧದ ಕೊನೆಯಲ್ಲಿ ನಡೆದದ್ದು ಮದುವೆ ಮನೆಯ ತಾಂಬೂಲದ ರಾದ್ಧಾಂತ!

"ನಗ್ತೀಯಾ? ಆ ದೊರೆ ಆಮೇಲೆ ಎಲ್ಲಿಗೆ ಹೋದ ಗೊತ್ತಾ?" ಎಂದರು ಮೇಷ್ಟ್ರು.

"ಆಸ್ಪತ್ರೆಗೆ."

"ನಿಮ್ಮೂರ ಪಕ್ಕಕ್ಕೆ."

ನಾನು ಹುಟ್ಟಿದ್ದು ಉದ್ದನಪಲ್ಲಿಯಲ್ಲಿ, ರಾಯಕೋಟೆಯ ಬೆಟ್ಟ ನೋಡಿಕೊಂಡೇ ಬೆಳೆದದ್ದು. ಅದರ ಮೇಲಿನ ಮುರಿದ ಕೋಟೆ ನಮಗೆ ಮಳೆ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುವುದಕ್ಕೆ ಇದ್ದ ಗುರುತು, ಅಷ್ಟೇ. ಅಮೆರಿಕದಲ್ಲಿ ಮುಖ ತೋರಿಸಲಾರದೆ ಮಲಗಿದ ಅದೇ ದೊರೆ, ಕೆಲವು ವರ್ಷಗಳ ಮೇಲೆ ಕಂಪನಿಯ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದು, ಮೈಸೂರಿನ ಸುಲ್ತಾನನ ಮೇಲೆ ದಂಡೆತ್ತಿದ. ಈ ದೊರೆಯ ಕಾಲದಲ್ಲೇ ಹೊಸೂರಿನ ಕೋಟೆಯೂ ರಾಯಕೋಟೆಯೂ ಇಂಗ್ಲಿಷರ ಪಾಲಾದವಂತೆ. ನನಗೆ ಆಗ ಹೊಳೆದದ್ದನ್ನು ಹಾಗೇ ಹೇಳಿದೆ: ಅಲ್ಲಿ ತನ್ನ ಕೈಯಾರೆ ಕೆಳಗಿಡದ ಕತ್ತಿಯನ್ನು ಅವನು ಏಳು ಸಮುದ್ರ ಹೊತ್ತು ತಂದು ನಮ್ಮ ಮೇಲೆ ಇಳಿಸಿದ. ಅವತ್ತು ಎದ್ದು ಬಂದು ಕೊಟ್ಟುಬಿಟ್ಟಿದ್ದರೆ ಮನಸ್ಸು ಹಗುರಾಗಿ, ಊರಿಗೆ ಹೋಗಿ ತೋಟ ನೋಡಿಕೊಂಡು ಇರುತ್ತಿದ್ದನೋ ಏನೋ.

"ಚರಿತ್ರೆ ಹಂಗೆಲ್ಲ ನಡೆಯಲ್ಲ ಕಣೇ" ಎಂದರು ಮೇಷ್ಟ್ರು.

ಇಷ್ಟು ಬುದ್ಧಿ ಹೇಳಿದ ನಾನೂ ಆ ದಿನಗಳಲ್ಲಿ ಒಂದು ಯುದ್ಧದಲ್ಲೇ ಇದ್ದೆ. ನಮ್ಮ ಮನೆ ಎರಡು ಭಾಗ. ಒಂದರಲ್ಲಿ ನಾವು, ಇನ್ನೊಂದರಲ್ಲಿ ನಮ್ಮ ಭಾವನವರು, ಅಂದರೆ ಮೇಷ್ಟ್ರ ಅಣ್ಣ, ಮತ್ತು ಅವರ ಹೆಂಡತಿ, ನನ್ನ ಓರಗಿತ್ತಿ ರುಕ್ಮಿಣಕ್ಕ. ನಡುವೆ ಒಂದೇ ಅಂಗಳ, ಒಂದೇ ತುಳಸಿಕಟ್ಟೆ. ವೈಶಾಖದಲ್ಲಿ ಅಕ್ಕನ ಒಬ್ಬಳೇ ಮಗಳು ಸುಮಾಳನ್ನು ತಳಿಗೆ ಮದುವೆ ಮಾಡಿಕೊಟ್ಟರು. ನನ್ನ ಮಡಿಲಲ್ಲೇ ತಲೆ ಬಾಚಿಸಿಕೊಂಡು ಬೆಳೆದ ಹುಡುಗಿ. ಆ ಮದುವೆಯಲ್ಲಿ ಅಕ್ಕ ಗಂಡಿನ ಕಡೆಯ ಹೆಂಗಸರಿಗೆಲ್ಲ ತಾನೇ ಕುಂಕುಮ ಕೊಟ್ಟು ತಾಂಬೂಲ ಕೊಟ್ಟಳು. ನನ್ನ ತಾಂಬೂಲ ಬಂದದ್ದು ಕೊನೆಗೆ, ಛತ್ರದಲ್ಲಿ ಎಲೆ ಎತ್ತುವ ಹೆಂಗಸಿನ ಕೈಲಿ. ನಾನು ಅದನ್ನು ಅಲ್ಲೇ ಕಿಟಕಿಯ ಮೇಲಿಟ್ಟು ಮನೆಗೆ ಬಂದೆ. ನನ್ನನ್ನು ಕೇಳಿದರೆ ಅವಳದು ತಪ್ಪು. ಅವಳನ್ನು ಕೇಳಿದರೆ, ಮಗಳ ಮದುವೆಯ ತಾಂಬೂಲವನ್ನು ಬಿಟ್ಟುಹೋದ ನನ್ನದು ತಪ್ಪು. ಮೂರು ನಾಲ್ಕು ತಿಂಗಳು ನಮ್ಮ ಅಂಗಳದಲ್ಲಿ ಎರಡು ರಂಗೋಲಿ ಬಿದ್ದವು. ಅವಳ ಬಳ್ಳಿ ನನ್ನ ಚುಕ್ಕಿಯ ಹತ್ತಿರ ಬಂದು ತಿರುಗಿಕೊಂಡು ಹೋಗುತ್ತಿತ್ತು. ಗಂಡಸರಿಬ್ಬರು ಮಾತ್ರ ಗೂಢಚಾರರಂತೆ ಬೀದಿಯ ತುದಿಯ ಕಾಫಿ ಅಂಗಡಿಯಲ್ಲಿ ಭೇಟಿಯಾಗುತ್ತಿದ್ದರು.

ಹೀಗಿರುವಾಗ ಗೌರಿ ಹಬ್ಬ ಬಂತು. ಅವತ್ತು ಬೆಳಗ್ಗೆ ನಲ್ಲಿಯಲ್ಲಿ ನೀರು ಬಂತು, ಗ್ಯಾಸು ಮುಗಿಯಲಿಲ್ಲ, ಕರೆಂಟೂ ಹೋಗಲಿಲ್ಲ. ದೇವರು ಇಷ್ಟೊಂದು ಕರುಣೆಯನ್ನು ಒಂದೇ ದಿನ ಸುರಿದಾಗಲೇ ನನಗೆ ಗುಮಾನಿ ಬರಬೇಕಿತ್ತು. ಸುಮಾಳಿಗೆ ಅದು ಮದುವೆಯಾದ ಮೇಲಿನ ಮೊದಲ ಗೌರಿ. ತವರಿನಲ್ಲಿ ತಾಯಿಗೂ ಚಿಕ್ಕಮ್ಮನಿಗೂ ಬಾಗಿನ ಕೊಟ್ಟು, ಮಧ್ಯಾಹ್ನದ ಬಸ್ಸಿಗೆ ತಳಿಗೆ ಹೋಗಿ, ಅಲ್ಲಿ ಅತ್ತೆಯ ಮನೆಯ ಪೂಜೆಗೆ ಕೂರಬೇಕು. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನಮ್ಮತ್ತೆ ತೀರಿಕೊಳ್ಳುವ ಮುಂಚೆ ಮಾಡಿಟ್ಟುಹೋದದ್ದು: ಗೌರಮ್ಮನಿಗೆ ಸಲ್ಲಿಸಿದ ಮೇಲೆ ಮೊದಲ ಬಾಗಿನ ಮನೆಯ ಇಬ್ಬರು ಸೊಸೆಯರ ನಡುವೆ ಆಗಬೇಕು, ಆಮೇಲೆಯೇ ಉಳಿದವರದು. ಇಬ್ಬರು ಸೊಸೆಯರ ಬಾಯಿಯ ಬಗ್ಗೆ ಆ ತಾಯಿಗೆ ಚೆನ್ನಾಗಿ ಗೊತ್ತಿತ್ತು.

ಮೊರದ ಬಾಗಿನವೆಂದರೆ ನಿಮಗೆ ಗೊತ್ತಿರಬಹುದು. ಅರಿಶಿನ ಬಳಿದ ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ಕಪ್ಪು ಬಳೆ, ತಾಳೆಗರಿಯ ಬಿಚ್ಚೋಲೆ, ರವಿಕೆ ಕಣ ಎಲ್ಲ ತುಂಬಿ, ಮೇಲೆ ಇನ್ನೊಂದು ಮೊರ ಮುಚ್ಚಿ, ಕೊಡುವವಳೂ ತೆಗೆದುಕೊಳ್ಳುವವಳೂ ತಮ್ಮ ತಮ್ಮ ಸೆರಗನ್ನು ಅದರ ಮೇಲೆ ಹೊದಿಸಿ, ಎದುರುಬದುರು ನಿಂತು ಹಿಡಿಯಬೇಕು. ಮುತ್ತೈದೆಯ ಕೈಯಿಂದ ಮುತ್ತೈದೆಯ ಕೈಗೆ. ಅದನ್ನು ಯಾರ ಕೈಲೂ ಕೊಟ್ಟು ಕಳಿಸುವಂತಿಲ್ಲ.

ರುಕ್ಮಿಣಕ್ಕ ಕೊಟ್ಟು ಕಳಿಸಿದಳು. ಅದೂ ಗಂಡನ ಕೈಲಿ.

ನಾನು ಬಾಗಿಲಿಗೆ ಬಂದು ನೋಡುತ್ತೇನೆ, ಭಾವನವರು ಹೊಸ ಪಂಚೆ ಉಟ್ಟು, ಮೊರವನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಎಡವಿದರೆ ಸಿಡಿದೀತು ಎಂಬಷ್ಟು ಹುಷಾರಾಗಿ ಅಂಗಳ ದಾಟಿ ಬರುತ್ತಿದ್ದಾರೆ.

"ಸರೋಜಮ್ಮಾ, ನಿಮ್ಮಕ್ಕಂಗೆ ಮೈಗೆ ಹುಷಾರಿಲ್ಲ ಕಣಮ್ಮ. ಇದನ್ನ ನೀವೇ ಹೋಗಿ ಕೊಟ್ಬುಡಿ ಅಂದ್ಲು."

"ಅಯ್ಯೋ, ಏನಾಗಿದೆ ಭಾವ?"

ಭಾವನವರು ತಬ್ಬಿಬ್ಬಾದರು. ಯಾವ ಕಾಯಿಲೆ ಎಂದು ಅವರಿಗೆ ಹೇಳಿಕಳಿಸಿರಲಿಲ್ಲ. "ಜ್ವರ… ಅಲ್ಲ, ಸೊಂಟ ನೋವು ಅಂತಿದ್ಲು."

"ಜ್ವರವೋ ಸೊಂಟವೋ?"

"ಸೊಂಟಕ್ಕೇ ಜ್ವರ ಬಂದೈತೆ ಅಂತ ಇಟ್ಕೊಳಮ್ಮ, ಮೊದಲು ಇದನ್ನ ಹಿಡ್ಕೊ, ಕೈ ಸೋಲ್ತಾ ಐತೆ."

ಹಿಂದಿನಿಂದ ಮೇಷ್ಟ್ರು ಈ ಮಾತು ಕೇಳಿ ಬಾಗಿಲಿಗೇ ಒರಗಿಬಿಟ್ಟರು. "ಅಣ್ಣಾ, ಇದು ಯಾರ್ಕ್‌ಟೌನ್ ಕಣಣ್ಣಾ!"

"ಯಾವ ಟೌನ್ಲಾ? ಆಚೆ ಮನೆಯಿಂದ ಈಚೆ ಮನೆಗೆ ಬಂದಿದ್ದೀನಿ, ಟೌನಂತೆ!"

ಒಳಗಿದ್ದ ತುಂಟತನ ನನ್ನ ಬಾಯಿಗೆ ಬಂತು. "ನಂಗೂ ಯಾಕೋ ತಲೆನೋವು ಭಾವ. ನಿಮ್ಮ ಕಡೆಯಿಂದ ನೀವು ಬಂದಿದ್ದೀರಿ, ನಮ್ಮ ಕಡೆಯಿಂದ ನಿಮ್ಮ ತಮ್ಮನೇ ತಗೊಳ್ಳಲಿ" ಎಂದು ಒಳಗೆ ಬಂದು ಅಡುಗೆಮನೆಯ ಕಿಟಕಿಯ ಪಕ್ಕ ನಿಂತೆ. ಆಮೇಲೆ ಕಂಡ ನೋಟವನ್ನು ಗೌರಮ್ಮ ಕೈಲಾಸದಲ್ಲಿ ಈಗಲೂ ಹೇಳಿಕೊಂಡು ನಗುತ್ತಿರಬೇಕು. ತುಳಸಿಕಟ್ಟೆಯ ಮುಂದೆ ಅಣ್ಣತಮ್ಮಂದಿರು ಎದುರುಬದುರು ನಿಂತಿದ್ದಾರೆ. ನಡುವೆ ಮೊರ.

"ಮೇಲೆ ಏನೋ ಮುಚ್ಚಬೇಕು ಅಲ್ವೇನ್ಲಾ?"

"ಸೆರಗು ಮುಚ್ಚಬೇಕು."

"ಎಲ್ಲಿಂದ ತರಾನ?"

"ನಿನ್ನ ಟವಲ್ ಐತಲ್ಲ."

"ಒದ್ದೆ ಕಣ್ಲಾ ಅದು, ಈಗಿನ್ನೂ ಸ್ನಾನ ಮಾಡ್ಕೊಂಡು ಬಂದಿದ್ದೀನಿ."

ಅಷ್ಟರಲ್ಲಿ ಆಚೆ ಮನೆಯ ಬಾಗಿಲಿನಿಂದ ಸುಮಾ ಬಂದಳು. ಕೈ ತುಂಬ ಹೊಸ ಬಳೆ, ತಲೆಯಲ್ಲಿ ತಳಿಯ ಗುಲಾಬಿ. ಮೊದಲು ನಕ್ಕಳು. ಅಪ್ಪನೂ ಚಿಕ್ಕಪ್ಪನೂ ಒದ್ದೆ ಟವಲಿನ ಎರಡು ತುದಿ ಹಿಡಿದು ನಿಂತದ್ದನ್ನು ನೋಡಿ ಯಾರು ನಗುವುದಿಲ್ಲ? ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿಬಿಟ್ಟವು.

"ಇದನ್ನ ಬಾಗಿನ ಅಂತಾರಾ ಅಪ್ಪಾ? ಅಮ್ಮ, ಚಿಕ್ಕಮ್ಮ ಕೊಟ್ಟು ತಗೊಳ್ದೆ ನಾನು ಹೆಂಗೆ ಕೊಡ್ಲಿ? ಬಸ್ಸು ಹೋಗ್ಬುಟ್ರೆ ನಮ್ಮತ್ತೆಗೆ ಏನ್ ಹೇಳ್ಲಿ? ಮೊದಲ್ನೇ ಗೌರಿಗೆ ತವರಲ್ಲಿ ಬಾಗಿನ ಕೊಡದೇ ಬಂದೆ ಅಂತ ಹೇಳ್ಲಾ? ನಮ್ಮ ಓರಗಿತ್ತಿ ಮೊದಲೇ ನಮ್ಮನೆ ವಿಷ್ಯ ಕೆದಕಿ ಕೆದಕಿ ಕೇಳ್ತಾವ್ಳೆ."

ಓರಗಿತ್ತಿ! ಆ ಹುಡುಗಿಗೂ ತಳಿಯಲ್ಲಿ ಒಬ್ಬಳು ಓರಗಿತ್ತಿ ಇದ್ದಾಳೆಂಬುದನ್ನು ನನ್ನ ಪೌರುಷದ ಭರದಲ್ಲಿ ಮರೆತೇಬಿಟ್ಟಿದ್ದೆ. ಇವತ್ತು ಇಲ್ಲಿ ಇಬ್ಬರು ಹೆಂಗಸರು ಕೆಳಗಿಡದದ್ದನ್ನು ಅವಳು ಮಡಿಲಲ್ಲಿ ಕಟ್ಟಿಕೊಂಡು ಮಧ್ಯಾಹ್ನದ ಬಸ್ಸು ಹತ್ತುತ್ತಾಳೆ. ಆ ದೊರೆಗಾದರೂ ಸಮುದ್ರ ದಾಟಬೇಕಾಗಿತ್ತು. ತಳಿ ಎಷ್ಟು ದೂರ?

ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬಂದದ್ದು ಅದೇ ಅಮೆರಿಕದ ಇನ್ನೊಂದು ಕಥೆ. ಎಷ್ಟೋ ವರ್ಷಗಳ ಮೇಲೆ ಆ ದೇಶದ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. ಮನುಷ್ಯರನ್ನು ದನಗಳಂತೆ ಕೊಂಡು ಮಾರುವ ಪಾಪವನ್ನು ಉಳಿಸಿಕೊಳ್ಳಲು ಹೊರಟ ದಕ್ಷಿಣದವರು ಸೋಲಲೇಬೇಕಾಗಿತ್ತು, ಸೋತರು. ಆದರೆ ಅವರ ದಳಪತಿ ಹುಷಾರಿಲ್ಲ ಎನ್ನಲಿಲ್ಲ. ಇದ್ದುದರಲ್ಲಿ ಒಳ್ಳೆಯ ಉಡುಪು ಧರಿಸಿ ತಾನೇ ಬಂದು ಕೂತ. ಗೆದ್ದವನು ಬಂದದ್ದು ಕೆಸರು ಮೆತ್ತಿದ ಬಟ್ಟೆಯಲ್ಲಿ. ಗೆದ್ದವನಿಗೆ ಹಿಂದಿನ ರಾತ್ರಿಯೆಲ್ಲ ತಲೆ ಸಿಡಿದುಹೋಗುವಂಥ ನೋವಿತ್ತಂತೆ. ಶರಣಾಗುತ್ತೇನೆ ಎಂಬ ಓಲೆ ಕೈಗೆ ಬಂದದ್ದೇ ತಲೆನೋವು ಮಾಯ. ಸೋತ ಸಿಪಾಯಿಗಳಿಗೆ ಊಟ ಕಳಿಸಿದ. ಅವರವರ ಕುದುರೆಗಳನ್ನು ಅವರವರೇ ಹೊಡೆದುಕೊಂಡು ಹೋಗಲಿ, ಮುಂದೆ ಉಳುಮೆಗೆ ಬೇಕಾಗುತ್ತದೆ ಎಂದ. ಆ ಮಾತು ಕೇಳಿದ ಸಂಜೆ ನಾನು ಒಳಗೆ ಹೋಗಿ ದೇವರ ಮುಂದೆ ಇನ್ನೊಂದು ಬತ್ತಿ ಹಚ್ಚಿದ್ದೆ. ಇಷ್ಟು ದೊಡ್ಡ ಸಾವಿನ ನಡುವೆ ಉಳುಮೆಯ ನೆನಪಿಟ್ಟುಕೊಂಡವನೊಬ್ಬ ಇದ್ದನಲ್ಲ!

ನನ್ನ ತಲೆನೋವೂ ಮಾಯವಾಯಿತು. ಅದು ಇರಲೇ ಇಲ್ಲವಾದ್ದರಿಂದ ತಡವಾಗಲಿಲ್ಲ.

ಯಾರ್ಕ್‌ಟೌನಿನಲ್ಲಿ ಒಬ್ಬರಿಗೂ ಹೊಳೆಯದ ಒಂದು ಉಪಾಯ ಅಡುಗೆಮನೆಯಲ್ಲಿ ನಿಂತ ಹೆಂಗಸಿಗೆ ಹೊಳೆಯುತ್ತದೆ. ಹುಷಾರಿಲ್ಲ ಎಂದವರನ್ನು ಹೋಗಿ ನೋಡಬೇಕು. ಆ ದೊರೆಯ ಬಿಡಾರಕ್ಕೆ ಯಾರಾದರೂ ಒಂದು ಲೋಟ ಕಷಾಯ ಹಿಡಿದುಕೊಂಡು ಹೋಗಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತು. ಒಲೆ ಹಚ್ಚಿದೆ. ಶುಂಠಿ ಜಜ್ಜಿದೆ, ಜೀರಿಗೆ ಹಾಕಿದೆ, ದೊಡ್ಡಪತ್ರೆ ಕಿವುಚಿದೆ, ಕಾಳುಮೆಣಸನ್ನು ಮಾತ್ರ ಒಂದು ಹಿಡಿ ಪ್ರೀತಿಯಿಂದ ಹಾಕಿದೆ. ಬೆಲ್ಲ ಎದುರಿಗೇ ಇತ್ತು, ನೋಡದವಳಂತೆ ಸುಮ್ಮನಾದೆ. ಲೋಟ ಹಿಡಿದು, ಟವಲಿನ ಸಮೇತ ನಿಂತಿದ್ದ ಗಂಡಸರ ನಡುವೆ ಹಾದು, ಎಷ್ಟೋ ದಿನದ ಮೇಲೆ ಆಚೆ ಮನೆಯ ಹೊಸ್ತಿಲು ದಾಟಿದೆ.

ನನ್ನ ಬಳೆ ಸದ್ದು ಕೇಳಿಸಿರಬೇಕು, ಒಳಗೆ ಧಡಬಡ ಸದ್ದಾಯಿತು. ಹೋಗಿ ನೋಡಿದರೆ ಅಕ್ಕ ಕತ್ತಿನವರೆಗೆ ಕಂಬಳಿ ಹೊದ್ದು ಮಲಗಿದ್ದಾಳೆ. ಮುಖಕ್ಕೆ ಅರಿಶಿನ, ಹಣೆಗೆ ಕುಂಕುಮ, ತಲೆಯ ತುಂಬ ಮಲ್ಲಿಗೆ. ಕಂಬಳಿಯ ಕೆಳತುದಿಯಲ್ಲಿ ರೇಷ್ಮೆ ಸೀರೆಯ ಜರಿಯಂಚು ಅರ್ಧ ಗೇಣು ಇಣುಕುತ್ತಿತ್ತು.

"ಹೆಂಗಿದೀರಾ ಅಕ್ಕ?"

"ಏನ್ ಹೇಳ್ಲಿ. ಎದ್ದು ಕೂರೋಕೂ ಆಯ್ತಾ ಇಲ್ಲ" ಎಂದಳು ಕಣ್ಣು ಮುಚ್ಚಿಕೊಂಡೇ.

"ಸೊಂಟಕ್ಕೆ ಜ್ವರ ಅಂತಲ್ಲ."

ಒಂದು ಕಣ್ಣು ತೆರೆಯಿತು. "ಯಾರಂದ್ರು?"

"ಭಾವ. ಪಾಪ, ನಿಮ್ಮನ್ನ ನೋಡಿ ಅವರೇ ಗಾಬರಿಯಾಗವ್ರೆ. ಇದನ್ನ ಕುಡೀರಿ, ಬಿಸಿಯಿದ್ದಂಗೇ."

ಬೇಡ ಎಂದರೆ ಕಾಯಿಲೆ ಸುಳ್ಳಾಗುತ್ತದೆ. ಅಕ್ಕ ಎದ್ದು ಕೂತಳು. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೆ ಮೂಗಿನ ನತ್ತು ನಡುಗಿತು.

"ಮೆಣಸು ಜಾಸ್ತಿ ಆಗಿದ್ಯಾ ಅಕ್ಕ?"

"ಇಲ್ಲ ಇಲ್ಲ. ಬೋ ಚೆನ್ನಾಗೈತೆ."

"ಇನ್ನೊಂದ್ ಲೋಟ ತರ್ಲಾ?"

"ನಿನ್ ಮನೆ ಹಾಳಾಗ! ಕೊಂದೇ ಬುಟ್ಯಲ್ಲೇ!" ಎಂದು ಅಕ್ಕ ಲೋಟ ಕುಕ್ಕಿ ಕೆಮ್ಮಲಾರಂಭಿಸಿದಳು. ಕೆಮ್ಮು ಯಾವಾಗ ನಗುವಾಯಿತೋ, ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ನಾನೂ ಅದರಲ್ಲೇ ಸೇರಿಕೊಂಡಿದ್ದೆ. "ಅವತ್ತು ನಾನು ಗಂಡಿನ ಅಜ್ಜಿ ಕಾಲಿಗೆ ಎಣ್ಣೆ ಹಚ್ಚುತಾ ಕೂತಿದ್ದೆ ಕಣೇ, ಆಯಮ್ಮ ಬಿದ್ಬುಟ್ಟಿತ್ತು. ನೀನು ಹೊಂಟೋಗ್ತೀಯ ಅಂತ ಸಿಕ್ಕಿದೋರ ಕೈಲಿ ತಾಂಬೂಲ ಕಳಿಸಿದ್ರೆ, ಕಿಟಕಿ ಮ್ಯಾಲೆ ಇಟ್ಟು ಹೋಗ್ಬುಟ್ಯಲ್ಲೇ" ಎಂದಳು. ನಾನು ನನ್ನ ಸೆರಗಿನಿಂದ ಅವಳ ಕಣ್ಣೊರೆಸಿದೆ. ಬಾಗಿಲಲ್ಲಿ ಸುಮಾ ನಿಂತಿದ್ದಳು, ಮೊರವನ್ನು ಗಂಡಸರಿಂದ ಕಸಿದುಕೊಂಡು ಬಂದು. "ಅಳೋದು ಆಮೇಲೆ ಇಟ್ಕೊಳ್ಳಿ ಇಬ್ರೂ. ಬಸ್ಸು ಐತೆ" ಎಂದಳು.

ತುಳಸಿಕಟ್ಟೆಯ ಮುಂದೆ ಮೊದಲು ನನ್ನದೂ ಅಕ್ಕನದೂ ಶಾಸ್ತ್ರ ಆಯಿತು. ಸುಮಾ ತಾಯಿಗೆ ಕೊಟ್ಟಳು, ನನಗೆ ಕೊಟ್ಟಳು, ನಮಸ್ಕಾರ ಮಾಡಿ ಎದ್ದಳು. ಮೇಷ್ಟ್ರು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿಸಿದರು. ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತಂತೆ. ಗೌರಮ್ಮ ಕೊಡುವುದಕ್ಕೆ ಕೂತರೆ ಹೀಗೆ ಕೊಡುತ್ತಾಳೆ.

ಅಂದಿನ ಸಂಗತಿಯನ್ನು ಮೇಷ್ಟ್ರು ಈಗ ಶಾಲೆಯಲ್ಲಿ ಯಾರ್ಕ್‌ಟೌನಿನ ಪಾಠದ ಜೊತೆ ಹೇಳಿಕೊಡುತ್ತಿದ್ದಾರೆಂದು ಸುದ್ದಿ. ಹೇಳಲಿ. ಆದರೆ ಅವರಿಗೂ ಗೊತ್ತಿಲ್ಲದ ಒಂದನ್ನು ನಿಮಗೆ ಹೇಳಿಬಿಡುತ್ತೇನೆ. ನಾನೂ ಅಕ್ಕನೂ ಎದುರುಬದುರು ನಿಂತು, ಎರಡು ಸೆರಗು ಒಂದರ ಮೇಲೊಂದು ಹೊದಿಸಿ, ಯಾರ ಬೆರಳು ಯಾವುದು ಎಂದು ಹೊರಗಿನವರಿಗೆ ಕಾಣದಂತೆ ಮೊರ ಹಿಡಿದಿದ್ದೆವಲ್ಲ, ಆಗ ಆ ಮಹಾತಾಯಿ ಕಣ್ಣು ಮುಚ್ಚಿ ಭಕ್ತಿಯಿಂದ ಗೌರಿಯ ಹೆಸರು ಹೇಳುತ್ತ ಹೇಳುತ್ತಲೇ ಸೆರಗಿನ ಮರೆಯಲ್ಲಿ ನನ್ನ ಕೈಯನ್ನು ಚೆನ್ನಾಗಿ ಚಿವುಟಿದಳು. ಉರಿ ಹತ್ತಿತು. ನಾನು ಮೊರ ಬಿಡಲಿಲ್ಲ.